28 ನಿಮಿಷ ತಡವಾಗಿ ಬಂದ ಉಸಿರು

ನಾನು ಬರೆದ ಮೊದಲ ಸೈನ್ಸ್ ಫಿಕ್ಷನ್ ಕಿರುಚಿತ್ರದಲ್ಲಿ ಅಪ್ಪ ಸಾಯುತ್ತಿದ್ದ. ನೌಕೆ ಸೋರುತ್ತದೆ, ಇರುವ ಆಕ್ಸಿಜನ್ ಒಬ್ಬರಿಗೆ ಮಾತ್ರ ಸಾಕು, ಅಪ್ಪ ಮಗಳನ್ನು ಒಳಗೆ ತಳ್ಳಿ ಹೊರಗಿನಿಂದ ಬಾಗಿಲು ಹಾಕುತ್ತಾನೆ. ಜೊತೆಗೆ ಪಿಟೀಲು ಬೇರೆ. ಬರೆಯುವಾಗ ನನ್ನ ಕಣ್ಣೇ ತುಂಬಿತ್ತು. ಗೆಳೆಯರಿಗೆ ಓದಿ ಹೇಳಿದೆ. ಯಾರೂ ಅಳಲಿಲ್ಲ. ಒಬ್ಬ, "ಎರಡನೇ ಪುಟದಲ್ಲೇ ಗೊತ್ತಾಯ್ತು, ಈ ಅಪ್ಪ ಉಳಿಯಲ್ಲ ಅಂತ" ಅಂದ.

ಬೇಜಾರಾಯಿತು. ಆದರೆ ಅವನು ಹೇಳಿದ್ದು ನಿಜ. ಸಾಯುವ ಅಪ್ಪ ಒಂದೇ ಸಲ ಕಳೆದುಕೊಳ್ಳುತ್ತಾನೆ, ಅಲ್ಲಿಗೆ ಮುಗಿಯಿತು. ಬದುಕಿದ್ದು ದಿನಾ ಸ್ವಲ್ಪ ಸ್ವಲ್ಪ ಕಳೆದುಕೊಳ್ಳುವುದು ಅದಕ್ಕಿಂತ ಜಾಸ್ತಿ ಕಷ್ಟ, ಅಲ್ವಾ? 2014ರ 'ಇಂಟರ್‌ಸ್ಟೆಲ್ಲರ್' ಸಿನಿಮಾ ಮತ್ತೆ ಹಾಕಿ ನೋಡಿದೆ. ಅಲ್ಲಿ ಕಪ್ಪು ಕುಳಿಯ (ಬ್ಲ್ಯಾಕ್ ಹೋಲ್) ಪಕ್ಕದ ನೀರಿನ ಗ್ರಹದಲ್ಲಿ ಒಂದು ಗಂಟೆ ಕಳೆದರೆ ಭೂಮಿಯಲ್ಲಿ 7 ವರ್ಷ. ಅಪ್ಪ ನೌಕೆಗೆ ವಾಪಸ್ ಬರುವಷ್ಟರಲ್ಲಿ 23 ವರ್ಷ ಹೋಗಿರುತ್ತದೆ. ಮಕ್ಕಳ ವಿಡಿಯೊಗಳನ್ನು ಒಂದಾದ ಮೇಲೊಂದು ನೋಡುತ್ತಾ ಕೂರುತ್ತಾನೆ. ಕಪ್ಪು ಕುಳಿಯ ಪಕ್ಕದಲ್ಲಿ ಕಾಲ ನಿಧಾನ ಅನ್ನುವುದು ನನಗೂ ಗೊತ್ತಿದ್ದ ವಿಷಯವೇ. ಅದು ಒಬ್ಬಳ ಬಾಲ್ಯವನ್ನು ನುಂಗಬಹುದು ಅಂತ ಮಾತ್ರ ಹೊಳೆದಿರಲಿಲ್ಲ.

ಕಪ್ಪು ಕುಳಿ ತೋರಿಸುವಷ್ಟು ದುಡ್ಡು ನನ್ನ ಹತ್ತಿರ ಇರಲಿಲ್ಲ. ಹಾಗಾಗಿ ಮಂಗಳ. ಅಮ್ಮ ಅಲ್ಲಿ ಎಂಜಿನಿಯರ್, ಮಗ ಭೂಮಿಯಲ್ಲಿ, ಇಬ್ಬರೂ ವಿಡಿಯೊ ಕಾಲ್‌ನಲ್ಲಿ ಹರಟುತ್ತಾರೆ ಅಂತ ಬರೆದೆ. ಭೌತಶಾಸ್ತ್ರ ಕಲಿಸುವ ಗೆಳತಿ ಓದಿ ನಕ್ಕಳು. ಸಂದೇಶ ಹೋಗುವುದು ಬೆಳಕಿನ ವೇಗದಲ್ಲಿ. ಮಂಗಳ ಹತ್ತಿರ ಇದ್ದಾಗ ಸುಮಾರು 3 ನಿಮಿಷ, ತೀರಾ ದೂರ ಇದ್ದಾಗ 22 ನಿಮಿಷ, ಅದೂ ಒಂದೇ ಕಡೆಗೆ. "ಹರಟೆ ಎಲ್ಲಿಂದ ಬರುತ್ತೆ?" ಅಂದಳು. ಮೊದಲು ಸಿಟ್ಟು ಬಂತು. ರಾತ್ರಿ ಮಲಗಿದಾಗ ಅನಿಸಿತು, ಸಿನಿಮಾ ಇರುವುದೇ ಆ ತಡದಲ್ಲಿ.

14 ನಿಮಿಷ ಅಂತ ಇಟ್ಟುಕೊಂಡೆ. ನೋಟ್‌ಬುಕ್ಕಿನ ಪುಟವನ್ನು ಎರಡು ಭಾಗ ಮಾಡಿ, ಎಡಕ್ಕೆ ಮಗನ ಗಡಿಯಾರ, ಬಲಕ್ಕೆ ಅಮ್ಮನದು ಬರೆದೆ. 8:00ಕ್ಕೆ ಮಗನ ಹಲ್ಲು ಬೀಳುತ್ತದೆ. "ಅಮ್ಮಾ, ರಕ್ತ ಬರ್ತಿದೆ" ಅನ್ನುತ್ತಾನೆ. 8:14ಕ್ಕೆ ಅದು ಅಮ್ಮನಿಗೆ ಕೇಳುತ್ತದೆ. ಅವಳು ಕೂಡಲೇ ಕ್ಯಾಮೆರಾ ಕಡೆ ಬಾಗಿ "ಉಫ್" ಅಂತ ಊದುತ್ತಾಳೆ, ಗಾಯವಾದಾಗ ಊದುವ ಹಾಗೆ. ಆ ಉಸಿರು ಮನೆ ತಲುಪುವುದು 8:28ಕ್ಕೆ. ಆಗ ಕುರ್ಚಿ ಖಾಲಿ.

ಇನ್ನೊಂದು ವಿಷಯ ಆಮೇಲೆ ಸಿಕ್ಕಿತು. ಮಂಗಳದ ಒಂದು ದಿನ ನಮ್ಮದಕ್ಕಿಂತ ಸುಮಾರು 40 ನಿಮಿಷ ಉದ್ದ. ಅಂದರೆ ಅಮ್ಮನ ರಾತ್ರಿ ದಿನಾ ಜಾರುತ್ತಾ ಹೋಗುತ್ತದೆ, ಐದು ವಾರಕ್ಕೊಮ್ಮೆ ಮಾತ್ರ ಮಗನ ರಾತ್ರಿಗೆ ಹೊಂದುತ್ತದೆ. ಇದನ್ನು ಯಾರ ಬಾಯಲ್ಲೂ ಹೇಳಿಸಲಿಲ್ಲ. ಮಗನ ಗೋಡೆಯ ಕ್ಯಾಲೆಂಡರ್‌ನಲ್ಲಿ ಅಂಥ ದಿನಗಳಿಗೆ ಕ್ರೇಯಾನ್‌ನಲ್ಲಿ ಸುತ್ತು ಹಾಕಿಸಿದೆ, ಅಷ್ಟೇ.

ಅಮ್ಮನ ಪಾತ್ರ ಮಾಡಿದವರು ಮೊದಲ ಟೇಕ್‌ನಲ್ಲಿ ಅತ್ತುಬಿಟ್ಟರು. ಚೆನ್ನಾಗಿಯೇ ಅತ್ತರು, ಆದರೆ ನೋಡುವವರಿಗೆ ಏನೂ ಉಳಿಯಲಿಲ್ಲ. ದಪ್ಪ ಗ್ಲೌಸ್ ಕೊಟ್ಟು, ಬೋಲ್ಟ್ ಬಿಗಿ ಮಾಡುತ್ತಾ ಮಾತಾಡಿ ಅಂದೆ. ಕೈ ಜಾರಿ ಬೋಲ್ಟ್ ಬಿತ್ತು, ನಕ್ಕರು. ಆ ನಗುವನ್ನೇ ಇಟ್ಟುಕೊಂಡೆ.

12 ನಿಮಿಷದ ಚಿತ್ರದಲ್ಲಿ 28 ನಿಮಿಷ ತೋರಿಸುವುದು ಹೇಗೆ? ಗಡಿಯಾರ ತೋರಿಸಿದರೆ ಸುಮ್ನೆ ಪಾಠ ಮಾಡಿದ ಹಾಗೆ. ಹುಡುಗ ಬಾಯಿ ಒರೆಸಿದ ಟಿಶ್ಯೂವನ್ನು ಮೇಜಿನ ಮೇಲೆ ಬಿಟ್ಟೆವು. ಮೊದಲ ಶಾಟ್‌ನಲ್ಲಿ ಒದ್ದೆ, ಕೆಂಪು. ಕೊನೆಯದರಲ್ಲಿ ಒಣಗಿ ಕಂದು, ಪಕ್ಕದಲ್ಲಿ ಹಲ್ಲು.

ತೋರಿಸಿದ ಮೇಲೆ ಬಂದ ಮೊದಲ ಪ್ರಶ್ನೆ: "ಮಗುವನ್ನು ಬಿಟ್ಟು ಅಮ್ಮ ಯಾಕೆ ಹೋದಳು?" ಹಳೇ ಸ್ಕ್ರಿಪ್ಟ್‌ನ ಅಪ್ಪ ಮಗಳನ್ನು ನೌಕೆಗೆ ಯಾಕೆ ಕರೆತಂದ ಅಂತ ಒಬ್ಬರೂ ಕೇಳಿರಲಿಲ್ಲ.

ಖಾಲಿ ಕುರ್ಚಿಯ ಮುಂದೆ ಅಮ್ಮ ಊದುವ ಶಾಟ್ 11 ಸೆಕೆಂಡ್ ಇದೆ. ಎಡಿಟ್ ಮಾಡಿದ ಗೆಳೆಯ 5 ಸಾಕು ಅನ್ನುತ್ತಲೇ ಇದ್ದಾನೆ. ಇನ್ನೂ ಕತ್ತರಿಸಿಲ್ಲ.