ಗುಂಡು ಬಟಾಣಿ, ಸುಕ್ಕು ಬಟಾಣಿ

ತಂದೆತಾಯಿಯ ಗುಣ ಮುಂದಿನ ತಲೆಮಾರಿಗೆ ದಾಟುವುದನ್ನು ಕೈಯಾರೆ ಮಾಡಿ ನೋಡಲು ನಾನು ಬಟಾಣಿಯನ್ನೇ ಹಿಡಿದೆ. ಅದರಲ್ಲೂ ಹೂವಿನ ಬಣ್ಣ ಬಿಟ್ಟು ಬೀಜದ ಆಕಾರವನ್ನು ಆರಿಸಿಕೊಂಡೆ. ಹೂವಿನ ಬಣ್ಣ ತಿಳಿಯಲು ಬೀಜ ಬಿತ್ತಿ, ಗಿಡ ಹೂ ಬಿಡುವ ತನಕ ಕಾಯಬೇಕು. ಬೀಜವಾದರೋ ತಾನೇ ಮುಂದಿನ ತಲೆಮಾರು. ಕಾಯಿ ಒಣಗಿದರೆ ಉತ್ತರ ಕೈಯಲ್ಲಿರುತ್ತದೆ.

ಬಟಾಣಿ ಹೂ ಅರಳುವ ಮೊದಲೇ ತನ್ನ ಪರಾಗವನ್ನು ತಾನೇ ಪಡೆದುಬಿಡುತ್ತದೆ. ಆದ್ದರಿಂದ ಕೆಲಸವೆಲ್ಲ ಮೊಗ್ಗಿನಲ್ಲಿಯೇ ಆಗಬೇಕು. ಸುಕ್ಕು ಬೀಜದ ಶುದ್ಧ ತಳಿಯ ಮೊಗ್ಗನ್ನು ಬಿಡಿಸಿ, ದೋಣಿಯಾಕಾರದ ಎಸಳನ್ನು ಸೀಳಿ, ಪರಾಗಕೋಶ ಒಡೆಯುವ ಮುನ್ನ ಹತ್ತೂ ಕೇಸರಗಳನ್ನು ಚಿಮಟದಿಂದ ತೆಗೆದೆ. ಶಲಾಕಾಗ್ರಕ್ಕೆ, ಅಂದರೆ ಹೂವಿನ ಹೆಣ್ಣು ಭಾಗದ ತುದಿಗೆ, ಗುಂಡು ತಳಿಯ ಪರಾಗ ಸವರಿ ಪುಟ್ಟ ಚೀಲ ಕಟ್ಟಿದೆ. ತಾಯಿ-ತಂದೆಯನ್ನು ಅದಲುಬದಲು ಮಾಡಿಯೂ ನೋಡಿದೆ. ಎರಡರಲ್ಲೂ ಬೀಜಗಳೆಲ್ಲ ಗುಂಡಗೆ ಬಂದವು.

ಆ ಬೀಜಗಳನ್ನು ಬಿತ್ತಿ, ಗಿಡಗಳು ತಮ್ಮಷ್ಟಕ್ಕೆ ಕಾಯಿ ಕಟ್ಟಲು ಬಿಟ್ಟಾಗ ಒಂದೇ ಕಾಯಿಯೊಳಗೆ ಗುಂಡು, ಸುಕ್ಕು ಎರಡೂ ಅಕ್ಕಪಕ್ಕ ಕೂತಿದ್ದವು. ಎಷ್ಟು ಸಂತೋಷವಾಯಿತೆಂದು ಹೇಳಲಾರೆ! ಒಂದೊಂದೇ ಕಾಯಿಯನ್ನು ಎಣಿಸಿದರೆ ಲೆಕ್ಕ ಹೊಂದುವುದಿಲ್ಲ. ಎಲ್ಲವನ್ನೂ ಒಟ್ಟುಗೂಡಿಸಿದಾಗ 3:1 ಮೂಡುತ್ತದೆ. ಬಟಾಣಿಯಲ್ಲೇ ಇಂಥ ಪ್ರಯೋಗ ಮಾಡಿದ್ದ ವಿಜ್ಞಾನಿ ಗ್ರೆಗರ್ ಮೆಂಡೆಲ್ 1866ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ 5474 ಗುಂಡು, 1850 ಸುಕ್ಕು ಬೀಜಗಳಿದ್ದವು.

ಪ್ರತಿ ಬೀಜದಲ್ಲಿ ಈ ಆಕಾರವನ್ನು ನಿರ್ಧರಿಸುವ ಜೀನಿನ ಎರಡು ಪ್ರತಿಗಳಿರುತ್ತವೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ಪಿಷ್ಟಕ್ಕೆ ಕವಲು ಮೂಡಿಸುವ ಕಿಣ್ವವನ್ನು ಇದು ತಯಾರಿಸುತ್ತದೆ. ಎರಡೂ ಪ್ರತಿಗಳು ಕೆಟ್ಟಿದ್ದರೆ ಸಕ್ಕರೆ ಪಿಷ್ಟವಾಗದೆ ಉಳಿದು, ಬೀಜ ಹೆಚ್ಚು ನೀರು ಹೀರಿ ಉಬ್ಬುತ್ತದೆ. ಒಣಗಿದಾಗ ಸಿಪ್ಪೆ ಸುಕ್ಕುಗಟ್ಟುತ್ತದೆ. ಒಂದು ಪ್ರತಿ ಸರಿಯಿದ್ದರೂ ಬೀಜ ಗುಂಡಗಾಗಲು ಸಾಕು. ಗುಂಡು ಪ್ರಬಲ, ಸುಕ್ಕು ದುರ್ಬಲ ಎನ್ನುವುದು ಇದಕ್ಕೇ.

ನನ್ನನ್ನು ಹೆಚ್ಚು ಕಾಡಿದ್ದು ಬೇರೆ ಪ್ರಶ್ನೆ: ಈ ಗುಂಡು ಬೀಜಗಳಲ್ಲಿ ಯಾವುದು ಒಳಗೆ ಸುಕ್ಕಿನ ಪ್ರತಿಯನ್ನು ಹೊತ್ತಿದೆ? ಬರಿಗಣ್ಣಿಗೆ ಎಲ್ಲವೂ ಒಂದೇ. ಬೆಳೆಸಿ, ಸುಕ್ಕು ತಳಿಯೊಂದಿಗೆ ಸಂಕರ ಮಾಡಿದರೆ ತಿಳಿಯುತ್ತದೆ. ಒಂದೇ ಒಂದು ಸುಕ್ಕು ಬೀಜ ಬಂದರೂ ಅದು ಹೊತ್ತಿರುವುದು ಖಚಿತ. ಬಾರದಿದ್ದರೆ ಮಾತ್ರ ಅವಸರ ಪಡಬಾರದು: ಹೊತ್ತಿರುವ ಗಿಡದಲ್ಲೂ ಏಳು ಬೀಜಗಳು ಸಾಲಾಗಿ ಗುಂಡಗೆ ಬರುವ ಸಾಧ್ಯತೆ 128ರಲ್ಲಿ 1 ಇದ್ದೇ ಇದೆ.

ಇದಕ್ಕಿಂತ ಬೇಗನೆ ಸುಳಿವು ಕೊಡುವ ದಾರಿ ಸೂಕ್ಷ್ಮದರ್ಶಕ. ಬೇಳೆಯ ತೆಳು ಚೂರಿಗೆ ಅಯೋಡಿನ್ ಹಾಕಿ ನೋಡಿದರೆ, ಸಂಕರ ಬೀಜದ ಪಿಷ್ಟದ ಕಣಗಳು ಗುಂಡು ತಳಿಯವುಗಳಂತೆಯೂ ಇರುವುದಿಲ್ಲ, ಸುಕ್ಕು ತಳಿಯವುಗಳಂತೆಯೂ ಇರುವುದಿಲ್ಲ. ಎರಡರ ನಡುವಿನ ರೂಪದಲ್ಲಿರುತ್ತವೆ. ಮೊಳಕೆಯ ಭಾಗಕ್ಕೆ ತಾಗದಂತೆ ಚೂರು ತೆಗೆದರೆ ಉಳಿದ ಬೀಜವನ್ನು ಬಿತ್ತಲೂಬಹುದು.