ಹಳೆಯ ಸ್ಪೋರ್ಟ್ಸ್ ಕೂಪೆ ಕೊಳ್ಳುವ ಮುನ್ನ: ಕಲಬುರಗಿಯ ಖರೀದಿದಾರರಿಗೆ ಕೆಲವು ಸೂಚನೆಗಳು

ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರುಗಳು ಕಲಬುರಗಿಯ ಶೋರೂಮುಗಳಿಂದ ಹೊರಬಂದದ್ದು ಅಪರೂಪ. ಇಲ್ಲಿ ಮಾರಾಟಕ್ಕೆ ಬರುವ ಹಳೆಯ ಆಡಿ ಟಿಟಿ, ನಿಸಾನ್ 370ಝಡ್ ಅಥವಾ ಪೋರ್ಷೆ ಕೇಮನ್ ಬಹುಮಟ್ಟಿಗೆ ಹೈದರಾಬಾದ್, ಪುಣೆ, ಬೆಂಗಳೂರು ಇಲ್ಲವೇ ದೆಹಲಿಯಲ್ಲಿ ಓಡಿದ ಗಾಡಿಯೇ ಆಗಿರುತ್ತದೆ. ಹೊಸದಾಗಿದ್ದಾಗ ಕಣ್ಣೆತ್ತಿ ನೋಡಲಾಗದಿದ್ದ ಕಾರು ಇಂದು ಸಾಧಾರಣ ಎಸ್‌ಯುವಿಯ ಬೆಲೆಗೆ ಸಿಗುತ್ತದೆ ನಿಜ, ಆದರೆ ಅದರ ಬಿಡಿಭಾಗಗಳ ಬೆಲೆ ಅದರೊಂದಿಗೆ ಇಳಿದಿಲ್ಲ. ಆದ್ದರಿಂದ ಇಂತಹ ಗಾಡಿಯನ್ನು ನೋಡಲು ಹೋದವರು ಚೌಕಾಸಿಗಿಂತ ಮೊದಲು ಪತ್ತೆ ಮಾಡಬೇಕಾದದ್ದು, ಹಿಂದಿನ ಮಾಲೀಕರು ಯಾವ ಯಾವ ಖರ್ಚನ್ನು ಮುಂದಿನವರ ತಲೆಗೆ ಬಿಟ್ಟು ಹೋಗಿದ್ದಾರೆ ಎಂಬುದನ್ನು.

ಗಾಡಿ ನೋಡುವುದಕ್ಕೂ ಮುಂಚೆ ಕಾಗದಪತ್ರ ನೋಡಿ. ಆರ್‌ಸಿಯಲ್ಲಿರುವ ಚಾಸಿಸ್ ಸಂಖ್ಯೆ ಮತ್ತು ಎಂಜಿನ್ ಸಂಖ್ಯೆ ಗಾಡಿಯ ಮೇಲಿನವುಗಳೊಂದಿಗೆ ಅಕ್ಷರಶಃ ಹೊಂದಬೇಕು. ಸಾಲ ನಮೂದಾಗಿದ್ದರೆ ಬ್ಯಾಂಕಿನ ತೀರುವಳಿ ಪತ್ರ ಮತ್ತು ನಮೂನೆ 35 ಬೇಕು. ಬಾಕಿ ಚಲನ್‌ಗಳು ಪರಿವಾಹನ್ ಜಾಲತಾಣದಲ್ಲಿ ಕಾಣುತ್ತವೆ. ಹೊರರಾಜ್ಯದ ನೋಂದಣಿಯಿದ್ದರೆ ಅಲ್ಲಿನ ಆರ್‌ಟಿಒದಿಂದ ನಮೂನೆ 28ರ ಎನ್‌ಒಸಿ ಪಡೆದು, ಕರ್ನಾಟಕದಲ್ಲಿ ಜೀವಿತಾವಧಿ ತೆರಿಗೆ ಕಟ್ಟಿ, ಕೆಎ 32 ಸಂಖ್ಯೆಗೆ ಬದಲಾಯಿಸಿಕೊಳ್ಳಬೇಕಾಗುತ್ತದೆ. ಈ ತೆರಿಗೆಯನ್ನು ನೀವು ಕೊಟ್ಟ ಬೆಲೆಯ ಮೇಲಲ್ಲ, ಗಾಡಿಯ ಮೂಲ ಬೆಲೆ ಮತ್ತು ವಯಸ್ಸಿನ ಲೆಕ್ಕದಲ್ಲಿ ಹಾಕುತ್ತಾರೆ. ದುಬಾರಿ ಕೂಪೆಯ ವಿಷಯದಲ್ಲಿ ಇದು ಸಣ್ಣ ಮೊತ್ತವಲ್ಲವಾದ್ದರಿಂದ ಮುಂಗಡ ಕೊಡುವ ಮೊದಲೇ ಆರ್‌ಸಿ ನಕಲು ಹಿಡಿದು ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಂಡು ಬರುವುದು ಒಳ್ಳೆಯದು.

15 ವರ್ಷದ ಗಡಿಯನ್ನೂ ನೋಡಿಕೊಳ್ಳಿ. ದೆಹಲಿಯಲ್ಲಿ 15 ವರ್ಷ ದಾಟಿದ ಪೆಟ್ರೋಲ್ ವಾಹನಗಳ ಮೇಲಿನ ನಿರ್ಬಂಧದ ಭಯದಿಂದ ಅಲ್ಲಿನ ಗಾಡಿಗಳು ಅಗ್ಗವಾಗಿ ದಕ್ಷಿಣಕ್ಕೆ ಬರುತ್ತವೆ. ಇಲ್ಲಿ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬಹುದು, ಆದರೆ 2022ರ ಏಪ್ರಿಲ್ 1ರಿಂದ ಕಾರಿನ ನವೀಕರಣ ಶುಲ್ಕ 5,000 ರೂಪಾಯಿ, ಆಮದು ಕಾರಿಗೆ 40,000 ರೂಪಾಯಿ. 20 ವರ್ಷ ದಾಟಿದವುಗಳಿಗೆ 2025ರಲ್ಲಿ ಇದನ್ನು ದುಪ್ಪಟ್ಟು ಮಾಡಲಾಗಿದೆ. ಆರ್‌ಸಿಯಲ್ಲಿ ಆಮದು ವಾಹನವೆಂದು ನಮೂದಾಗಿದೆಯೇ ಎಂಬ ಒಂದು ಸಾಲು ಎಷ್ಟು ವ್ಯತ್ಯಾಸ ತರುತ್ತದೆ ಎಂಬುದು ಇದರಿಂದ ತಿಳಿಯುತ್ತದೆ. ಖಾಸಗಿಯಾಗಿ ಹೊರದೇಶದಿಂದ ತರಿಸಿದ ಕಾರಾಗಿದ್ದರೆ ಕಸ್ಟಮ್ಸ್ ದಾಖಲೆಯಿಲ್ಲದೆ ಮಾತುಕತೆಗೇ ಕೂರಬೇಡಿ.

ಇನ್ನು ಮೈಕಟ್ಟು. ಅಪಘಾತವಾದ ಗಾಡಿಯಲ್ಲಿ ಪುಟ್ಟಿ ತುಂಬಿದ ಜಾಗವನ್ನು ಆಯಸ್ಕಾಂತ ಹಿಡಿದು ಕಂಡುಹಿಡಿಯುವ ರೂಢಿ ನಮ್ಮ ಡೆಂಟಿಂಗ್ ಅಂಗಡಿಗಳಲ್ಲಿ ಹಳೆಯದು. 2006ರಿಂದ 2014ರ ವರೆಗೆ ತಯಾರಾದ ಎರಡನೇ ತಲೆಮಾರಿನ ಟಿಟಿಯಲ್ಲಿ ಈ ಉಪಾಯ ಅರ್ಧ ಮಾತ್ರ ನಡೆಯುತ್ತದೆ. ಅದರ ಬಾನೆಟ್ ಮತ್ತು ಮುಂದಿನ ಫೆಂಡರ್‌ಗಳು ಅಲ್ಯೂಮಿನಿಯಂ ಆಗಿರುವುದರಿಂದ ಅಲ್ಲಿ ಆಯಸ್ಕಾಂತ ಹಿಡಿಯದಿರುವುದೇ ಸರಿ. ಬಾಗಿಲು ಮತ್ತು ಡಿಕ್ಕಿಯ ಮುಚ್ಚಳ ಉಕ್ಕಿನವು, ಅಲ್ಲಿ ಹಿಡಿಯಲೇಬೇಕು. ‘ಇಡೀ ಬಾಡಿ ಅಲ್ಯೂಮಿನಿಯಂ ಸಾರ್’ ಎಂದು ಬಾಗಿಲಿನ ಪುಟ್ಟಿಯನ್ನು ದಾಟಿಸುವ ಮಾರಾಟಗಾರರ ಮುಂದೆ ಈ ತಿಳುವಳಿಕೆ ಕೆಲಸಕ್ಕೆ ಬರುತ್ತದೆ. ಮುಂಭಾಗಕ್ಕೆ ಅಲ್ಯೂಮಿನಿಯಂ ಮೇಲೂ ಬಣ್ಣದ ದಪ್ಪ ಅಳೆಯಬಲ್ಲ ಪೇಂಟ್ ಗೇಜ್ ಬಳಸಿ. ಅಲ್ಯೂಮಿನಿಯಂ ಚೌಕಟ್ಟಿಗೆ ಪೆಟ್ಟು ಬಿದ್ದಿದ್ದರೆ ಅದನ್ನು ಸರಿಪಡಿಸುವ ಸಲಕರಣೆ ಸಾಮಾನ್ಯ ಗ್ಯಾರೇಜಿನಲ್ಲಿ ಇರುವುದಿಲ್ಲವಾದ್ದರಿಂದ, ಮುಂಭಾಗದ ಒಳಗಡೆ ವೆಲ್ಡಿಂಗ್ ಗುರುತು ಅಥವಾ ಸುತ್ತಿಗೆಯ ಏಟು ಕಂಡರೆ ಬೆಲೆ ಎಷ್ಟೇ ಇಳಿಸಿದರೂ ಬಿಟ್ಟು ಬರುವುದೇ ಲೇಸು ಎಂಬುದು ನನ್ನ ಅಭಿಪ್ರಾಯ.

ಕೂಪೆಯ ಬಾಗಿಲುಗಳು ಉದ್ದವಾಗಿ, ಭಾರವಾಗಿರುತ್ತವೆ. ಕೀಲು ಸವೆದರೆ ಬಾಗಿಲು ಜೋಲುತ್ತದೆ. ಚೌಕಟ್ಟಿಲ್ಲದ ಗಾಜು ಇರುವ ಗಾಡಿಗಳಲ್ಲಿ ಹಿಡಿಕೆ ಎಳೆದ ಕೂಡಲೇ ಗಾಜು ತುಸು ಕೆಳಗಿಳಿದು, ಬಾಗಿಲು ಮುಚ್ಚಿದ ಮೇಲೆ ಮತ್ತೆ ಏರಿ ರಬ್ಬರಿಗೆ ಅಂಟಿಕೊಳ್ಳಬೇಕು. ಹಾಗಾಗದಿದ್ದರೆ ಸ್ವಿಚ್ ಅಥವಾ ಗಾಜಿನ ಯಂತ್ರ ಕೆಟ್ಟಿದೆ ಎಂದರ್ಥ, ಮತ್ತು ನಮ್ಮ ಎರೆಭೂಮಿಯ ಧೂಳು ಆ ಸಂದಿಯಿಂದ ಒಳಗೆ ಬರುವುದನ್ನು ಯಾರೂ ತಡೆಯಲಾರರು.

ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ ನೋಡಬೇಕು. ನೀವು ಬರುವ ಮೊದಲೇ ಬಾನೆಟ್ ಬೆಚ್ಚಗಿದ್ದರೆ ಇನ್ನೊಂದು ದಿನ ಬೆಳಿಗ್ಗೆ ಬರುತ್ತೇನೆಂದು ಹೇಳಿ. ನೀಲಿ ಹೊಗೆ ಆಯಿಲ್ ಸುಡುವುದನ್ನೂ, ಎಂಜಿನ್ ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ ಕೂಲಂಟ್ ಒಳಗೆ ಸೇರುತ್ತಿರುವುದನ್ನೂ ಸೂಚಿಸುತ್ತವೆ. ಟಿಟಿಯ 2.0 ಟರ್ಬೊ ಎಂಜಿನ್‌ನಲ್ಲಿ ಎರಡು ಬಗೆಯುಂಟು. ಮೊದಲಿನದು ಟೈಮಿಂಗ್ ಬೆಲ್ಟಿನದು. ಅದರಲ್ಲಿ ಅಧಿಕ ಒತ್ತಡದ ಇಂಧನ ಪಂಪಿನ ಕೆಳಗಿರುವ ಕ್ಯಾಮ್ ಫಾಲೋವರ್ ಎಂಬ ಸಣ್ಣ ಬಟ್ಟಲಿನಾಕಾರದ ಭಾಗ ಸವೆಯುತ್ತದೆ. ಮೂರು ಬೋಲ್ಟ್ ಬಿಚ್ಚಿ ಪಂಪ್ ತೆಗೆದರೆ ಅದು ಕಾಣುತ್ತದೆ, ಬೆಲೆಯೂ ಹೆಚ್ಚಲ್ಲ. ಆದರೆ ಅದು ತೂತಾಗುವ ತನಕ ಓಡಿಸಿದ್ದರೆ ಕ್ಯಾಮ್‌ಶಾಫ್ಟೇ ಹಾಳಾಗಿರುತ್ತದೆ. ನಂತರದ್ದು ಚೈನಿನದು, ಅದರಲ್ಲಿ ಚೈನನ್ನು ಬಿಗಿಯಾಗಿಡುವ ಟೆನ್ಷನರ್ ದುರ್ಬಲವಾದಾಗ ತಣ್ಣನೆಯ ಎಂಜಿನ್ ಶುರುವಾಗುತ್ತಲೇ ಒಂದೆರಡು ಕ್ಷಣ ಗಡಗಡ ಸದ್ದು ಬರುತ್ತದೆ. 2008ರ ವರೆಗಿನ ಮಾದರಿಯ ಕೇಮನ್ ಆದರೆ ಎಂಜಿನ್ನಿನ ಮಧ್ಯಂತರ ಶಾಫ್ಟ್‌ನ ಬೇರಿಂಗ್ ಕೆಟ್ಟರೆ ಎಂಜಿನ್ನೇ ಹಾಳಾಗಬಹುದಾದ್ದರಿಂದ ಅದರ ಬಗ್ಗೆ ವಿಚಾರಿಸಲೇಬೇಕು. 2009ರ ಮಾದರಿಯಿಂದ ಬಂದ ಹೊಸ ಎಂಜಿನ್‌ನಲ್ಲಿ ಆ ಶಾಫ್ಟೇ ಇಲ್ಲ. ಮ್ಯಾನ್ಯುವಲ್ 370ಝಡ್‌ನಲ್ಲಿ ಗೇರ್‌ಬಾಕ್ಸ್ ಗೂಡಿನೊಳಗಿರುವ ಕ್ಲಚ್ ಸಿಲಿಂಡರ್ ಸೋರಿದರೆ ಪೆಡಲ್ ಕೆಳಗೇ ಉಳಿದುಬಿಡುತ್ತದೆ.

ಕೂಲಂಟ್ ಡಬ್ಬಿಯನ್ನು ಇಣುಕಿ ನೋಡುವುದನ್ನು ಮರೆಯಬೇಡಿ. ಬಣ್ಣದ ಕೂಲಂಟ್ ಬದಲು ಮಾಸಲು ನೀರು, ಅಂಚಿಗೆ ಬಿಳಿ ಉಪ್ಪಿನ ಪದರ ಕಂಡರೆ ಯಾರೋ ಬೋರ್‌ವೆಲ್ ನೀರನ್ನೇ ತುಂಬಿಸುತ್ತ ಬಂದಿದ್ದಾರೆ. ರೇಡಿಯೇಟರಿನ ಒಳಗೂ ಅದೇ ಪದರ ಕಟ್ಟಿರುತ್ತದೆ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಇದನ್ನು ಸಣ್ಣ ದೋಷವೆನ್ನಲಾಗದು. ಮಧ್ಯಾಹ್ನ ನಿಂತಲ್ಲೇ ಎಸಿ ಹಾಕಿ ಕಾಲು ಗಂಟೆ ಎಂಜಿನ್ ಓಡಿಸಿ, ತಾಪದ ಮುಳ್ಳು ಏರುತ್ತದೆಯೇ, ಫ್ಯಾನ್ ತಿರುಗುತ್ತದೆಯೇ ನೋಡಿ. ಪೆಟ್ರೋಲ್ ವಾಸನೆಯನ್ನೂ ಗಮನಿಸಿ. ಈಗ ಬಂಕುಗಳಲ್ಲಿ ಸಿಗುವ, ಶೇಕಡಾ 20 ಎಥನಾಲ್ ಬೆರೆತ ಇ20 ಪೆಟ್ರೋಲ್ ಈ ಹಳೆಯ ಗಾಡಿಗಳ ಇಂಧನ ಪೈಪುಗಳನ್ನು ಗಮನದಲ್ಲಿಟ್ಟು ಬಂದದ್ದಲ್ಲ.

ಓಡಿಸಿ ನೋಡುವಾಗ ರಿಂಗ್ ರಸ್ತೆಯ ವೇಗಕ್ಕಿಂತ ಜಗತ್ ವೃತ್ತದ ಸುತ್ತಲಿನ ದಟ್ಟಣೆಯೇ ಹೆಚ್ಚು ಹೇಳುತ್ತದೆ. ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ತೆವಳುವ ವೇಗದಲ್ಲಿ ಮತ್ತು ರಿವರ್ಸ್‌ನಲ್ಲಿ ನಡುಗಿದರೆ ದೊಡ್ಡ ಖರ್ಚು ಕಾದಿದೆ. ಟಿಟಿಯ ಆರು ಗೇರಿನ ಡ್ಯುಯಲ್ ಕ್ಲಚ್ ಪೆಟ್ಟಿಗೆಗೆ ಪ್ರತಿ 60,000 ಕಿಲೋಮೀಟರಿಗೆ ಆಯಿಲ್ ಬದಲಾಯಿಸಬೇಕು. ಆ ಬಿಲ್ ತೋರಿಸಲಿ. ಸ್ಪೀಡ್ ಬ್ರೇಕರ್ ದಾಟುವಾಗ ಕೆಳಗಡೆ ಉಜ್ಜುತ್ತದೆಯೇ ಎಂಬುದನ್ನು ನಿಮ್ಮ ಮನೆಯ ಗಲ್ಲಿಯಲ್ಲೇ ಪರೀಕ್ಷಿಸಿ. ಟೈರಿನ ಬದಿಯ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ, ಆರು ವರ್ಷ ದಾಟಿದ್ದರೆ ಹೊಸ ಟೈರುಗಳ ಬೆಲೆಯನ್ನು ಕಳೆದು ಮಾತಾಡಿ.

ಇಷ್ಟೆಲ್ಲ ಸರಿಯೆನಿಸಿದರೂ ಗಾಡಿಯ ಕಂಪ್ಯೂಟರಿನಲ್ಲಿ ದಾಖಲಾದ ದೋಷಗಳನ್ನು ಓದುವ ಸ್ಕ್ಯಾನರ್ ಹಾಕಿಸದೆ, ಲಿಫ್ಟಿನ ಮೇಲೆ ಏರಿಸದೆ ಒಪ್ಪಬೇಡಿ. ದೋಷಸಂಕೇತಗಳನ್ನು ಹಿಂದಿನ ದಿನವಷ್ಟೇ ಅಳಿಸಿದ್ದರೆ ಸ್ವಯಂ ಪರೀಕ್ಷೆಗಳು ಅಪೂರ್ಣವೆಂದು ಸ್ಕ್ಯಾನರ್ ತೋರಿಸುತ್ತದೆ. ಈ ಕೆಲಸಕ್ಕೆ ಹುಮನಾಬಾದ್, ಜಹೀರಾಬಾದ್ ದಾರಿಯಾಗಿ ಹೈದರಾಬಾದಿಗೆ ಹೋಗಬೇಕಾಗಬಹುದು. ಮುಂದೆ ಕೆಟ್ಟಾಗ ಗಾಡಿಯನ್ನು ಲಾರಿಯ ಮೇಲೆ ಕಳಿಸಬೇಕಾದದ್ದೂ ಅದೇ ದಾರಿಯಲ್ಲಿ, ಆ ಬಾಡಿಗೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಒಪ್ಪಂದವಾದ ಮೇಲೆ ಪೂರ್ತಿ ಹಣವನ್ನು ಮಾಲೀಕತ್ವ ವರ್ಗಾವಣೆಯ ನಮೂನೆ 29 ಮತ್ತು 30ಕ್ಕೆ ಸಹಿ ಬಿದ್ದ ನಂತರವೇ ಬ್ಯಾಂಕ್ ಮೂಲಕ ಕೊಟ್ಟು, ವಿಮೆಯನ್ನು ನಿಮ್ಮ ಹೆಸರಿಗೆ ವರ್ಗಾಯಿಸಲು 14 ದಿನಗಳೊಳಗೆ ಅರ್ಜಿ ಹಾಕಿ.