ರೀಬೂಟ್ ಆದ್ರೆ ಟಿಟಿವೈ ಹೆಸರು ಅದಲು ಬದಲು: ನಾನು ಸರಿ ಮಾಡಿದ್ದು ಹೀಗೆ

ಲಿನಕ್ಸ್ ಮಷೀನಿಗೆ ಎರಡು ಯುಎಸ್‌ಬಿ ಸೀರಿಯಲ್ ಅಡಾಪ್ಟರ್ ಹಾಕಿದ್ದೆ, ಒಂದು ಸೆನ್ಸರ್‌ಗೆ ಇನ್ನೊಂದು ರಿಲೇ (ಕಮಾಂಡ್ ಕೊಟ್ರೆ ಆನ್ ಆಫ್ ಆಗೋ ಸ್ವಿಚ್) ಬೋರ್ಡಿಗೆ, ರೀಬೂಟ್ ಆದಾಗ ಒಮ್ಮೊಮ್ಮೆ ಲಿನಕ್ಸ್ ಅವಕ್ಕೆ ಕೊಡೋ ಟಿಟಿವೈಯುಎಸ್‌ಬಿ0 ಮತ್ತು ಟಿಟಿವೈಯುಎಸ್‌ಬಿ1 ಅನ್ನೋ ಹೆಸರು ಅದಲು ಬದಲಾಗಿ ರಿಲೇಗೆ ಹೋಗ್ಬೇಕಿದ್ದ ಕಮಾಂಡ್ ಸೆನ್ಸರ್‌ಗೆ ಹೋಗ್ತಿತ್ತು. ಎರಡು ದಿನ ಸ್ಕ್ರಿಪ್ಟಲ್ಲೇ ತಪ್ಪು ಹುಡುಕಿದೆ.

ಆಮೇಲೆ ಡಿವೈಸ್‌ಗಳ ಹೆಸರು ಫೈಲಾಗಿ ಕಾಣೋ ಡೆವ್ (/dev) ಫೋಲ್ಡರಲ್ಲಿ ಎಲ್‌ಎಸ್ ಮೈನಸ್ ಎಲ್ (ls -l, ಫೈಲ್‌ಗಳ ವಿವರದ ಪಟ್ಟಿ ಕೊಡೋ ಕಮಾಂಡ್) ಕೊಟ್ಟು ನೋಡಿದ್ರೆ ಸಾಲಿನ ಮೊದಲಲ್ಲಿ 'ಸಿ', ಅಂದ್ರೆ ಕ್ಯಾರೆಕ್ಟರ್ ಡಿವೈಸ್ (ಡಿಸ್ಕ್ ಆಗಿದ್ರೆ 'ಬಿ', ಬ್ಲಾಕ್), ಪಕ್ಕದಲ್ಲಿ 188, 0 ಮತ್ತು 188, 1. ಮೇಜರ್ ನಂಬರ್ 188 ಯಾವ ಡ್ರೈವರ್ ಅಂತ ಹೇಳುತ್ತೆ, ಮೈನರ್ ಅದರಲ್ಲಿ ಎಷ್ಟನೇದು ಅಂತ. ಆ ಮೈನರ್ ಕರ್ನಲ್‌ಗೆ (ಲಿನಕ್ಸಿನ ತಿರುಳು) ಯಾವುದು ಮೊದಲು ಸಿಕ್ತೋ ಅದರ ಮೇಲೆ ನಿಂತಿದೆ, ಅಲ್ಲೇ ಇತ್ತು ನೋಡಿ ತೊಂದರೆ!

ಕರ್ನಲ್ ಡಿವೈಸ್‌ಗಳ ವಿವರ ತೋರಿಸೋ ಸಿಸ್ (/sys) ಫೋಲ್ಡರ್ ಒಳಗೆ ಕ್ಲಾಸ್, ಅದರೊಳಗೆ ಟಿಟಿವೈ, ಅಲ್ಲಿರೋದು ಬರೀ ಲಿಂಕು, ನಿಜವಾದ ಜಾಗ ಡಿವೈಸಸ್ ಕೆಳಗೆ, ಆ ದಾರಿಯಲ್ಲಿ 1-1.2 ಅಂತ ಪೋರ್ಟ್ ನಂಬರೂ ಇರುತ್ತೆ. ನನ್ನ ಎರಡೂ ಅಡಾಪ್ಟರಿಗೆ ಸೀರಿಯಲ್ ನಂಬರೇ ಇರ್ಲಿಲ್ಲ, ಅದರಿಂದ ಗುರುತಿಸೋಕೆ ಆಗ್ತಿರ್ಲಿಲ್ಲ, ಅದಕ್ಕೇ ಯುಡೆವ್ (ಡಿವೈಸ್‌ಗಳ ಹೆಸರು ನೋಡ್ಕೊಳ್ಳೋ ಪ್ರೋಗ್ರಾಂ) ರೂಲಲ್ಲಿ ಪೋರ್ಟ್ ಹಿಡಿದು ಸಿಮ್‌ಲಿಂಕ್ (ಬದಲಾಗದ ಇನ್ನೊಂದು ಹೆಸರು) ಕೊಟ್ಟೆ, ಒಂದಕ್ಕೆ 'ಸೆನ್ಸರ್' ಇನ್ನೊಂದಕ್ಕೆ 'ರಿಲೇ'. ರೂಲ್ ರೀಲೋಡ್ ಮಾಡಿ ಹತ್ತು ಸಲ ರೀಬೂಟ್ ಮಾಡ್ದೆ, ಒಮ್ಮೆಯೂ ಬದಲಾಗ್ಲಿಲ್ಲ. ಕೇಬಲ್ ಮಾತ್ರ ಅದೇ ಪೋರ್ಟಲ್ಲೇ ಇರ್ಬೇಕು.